ರಜೆ ಹಾಕುವುದು, ಲೈಟ್ ಆಫ್ ಮಾಡುವುದು: ಇಂಗ್ಲಿಷ್ ಕ್ರಿಯಾಪದಗಳ ಜೊತೆಗಾರರು

(ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಇಂಗ್ಲಿಷ್ ಉದಾಹರಣೆಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದೆ.)

ಎಲ್ಲರಿಗೂ ನಮಸ್ಕಾರ. ಐದು ವಾಕ್ಯಗಳಿಂದ ಶುರು ಮಾಡೋಣ. ಆಫೀಸಿಗೆ ರಜೆ ಹಾಕಿದೆ. ಗಾಡಿಗೆ ಬ್ರೇಕ್ ಹಾಕಿದೆ. ಅರ್ಜಿಗೆ ಸಹಿ ಹಾಕಿದೆ. ಬಾಗಿಲಿಗೆ ಬೀಗ ಹಾಕಿದೆ. ಪೊಲೀಸರು ದಂಡ ಹಾಕಿದರು. ಐದರಲ್ಲೂ ಇರುವುದು ಒಂದೇ ‘ಹಾಕು’. ಇವನ್ನು ಇಂಗ್ಲಿಷಿನಲ್ಲಿ ಹೇಳುವಾಗ ನಾಲಿಗೆಗೆ ಮೊದಲು ಬರುವುದು ‘ಪುಟ್’. ಐ ಪುಟ್ ಲೀವ್, ಐ ಪುಟ್ ಬ್ರೇಕ್, ಐ ಪುಟ್ ಸೈನ್, ಐ ಪುಟ್ ಲಾಕ್, ಪೊಲೀಸ್ ಪುಟ್ ಫೈನ್. ಬೆಂಗಳೂರಿನಲ್ಲಿ ಇಷ್ಟು ಹೇಳಿದರೆ ಎದುರಿಗಿರುವವರಿಗೆ ಅರ್ಥವಾಗುತ್ತದೆ, ಏಕೆಂದರೆ ಅವರ ತಲೆಯಲ್ಲೂ ಇದೇ ‘ಹಾಕು’ ಕೂತಿರುತ್ತದೆ. ಆದರೆ ಇಂಗ್ಲಿಷ್ ಈ ಐದಕ್ಕೂ ಬೇರೆಬೇರೆ ದಾರಿ ಹಿಡಿಯುತ್ತದೆ. ‘ಐ ಟುಕ್ ಲೀವ್’. ಅರ್ಜಿ ಮಾತ್ರ ಕೊಟ್ಟಿದ್ದರೆ ‘ಐ ಅಪ್ಲೈಡ್ ಫಾರ್ ಲೀವ್’. ಬ್ರೇಕಿಗೆ ‘ಅಪ್ಲೈಡ್ ದ ಬ್ರೇಕ್ಸ್’. ಸಹಿಗೆ ಬರೀ ‘ಸೈನ್ಡ್’, ಬೀಗಕ್ಕೆ ಬರೀ ‘ಲಾಕ್ಡ್ ದ ಡೋರ್’. ದಂಡಕ್ಕೆ ‘ಫೈನ್ಡ್ ಮಿ’.

ಇವತ್ತು ಹೇಳಬೇಕಾಗಿರುವುದು ಇಷ್ಟೇ: ಇಂಗ್ಲಿಷ್ ಕ್ರಿಯಾಪದವನ್ನು ಒಂಟಿಯಾಗಿ ಕಲಿತರೆ ಅರ್ಧ ಮಾತ್ರ ಕಲಿತಂತೆ. ಅದರ ಜೊತೆ ಯಾವ ನಾಮಪದ ಬರುತ್ತದೆ, ಯಾವ ಅಪ್, ಆಫ್, ಔಟ್ ಬರುತ್ತದೆ, ಯಾವ ಟು, ಫಾರ್, ಆನ್ ಬರುತ್ತದೆ ಎನ್ನುವುದನ್ನು ಸೇರಿಸಿಯೇ ಕಲಿಯಬೇಕು. ಇದು ನಮಗೆ ಹೊಸ ವಿಷಯವಲ್ಲ. ಹೈಸ್ಕೂಲಿನ ವ್ಯಾಕರಣದಲ್ಲಿ ಕ್ರಿಯಾಸಮಾಸ ಓದಿದ್ದೀರಿ: ಕೈಹಿಡಿ, ಕೈಬಿಡು, ಕೈಕೊಡು, ಬೇರೂರು, ಮನಗೊಡು. ‘ಕೈಕೊಟ್ಟ’ ಎಂದರೆ ಕೈಯನ್ನು ಕೊಟ್ಟ ಎಂದು ಯಾವ ಕನ್ನಡಿಗನೂ ತಿಳಿಯುವುದಿಲ್ಲ. ‘ಕಣ್ಣು ಹೊಡೆ’, ‘ಗೊರಕೆ ಹೊಡೆ’, ‘ಈಜು ಹೊಡೆ’ ಎನ್ನುವಾಗ ಯಾರನ್ನೂ ಯಾರೂ ಹೊಡೆಯುವುದಿಲ್ಲ. ಜೋಡಿಯನ್ನು ಇಡಿಯಾಗಿ ತಿಳಿಯುವ ಅಭ್ಯಾಸ ನಮಗೆ ಹುಟ್ಟಿನಿಂದ ಇದೆ. ತೊಂದರೆ ಬರುವುದು ನಮ್ಮ ಜೋಡಿಗಳನ್ನು ಬಿಡಿಸಿ, ಒಂದೊಂದು ತುಂಡನ್ನೂ ಬೇರೆಬೇರೆಯಾಗಿ ಇಂಗ್ಲಿಷಿಗೆ ಸಾಗಿಸಿದಾಗ.

ನಾಮಪದದ ಜೊತೆ

‘ಹಾಕು’ಗಿಂತ ದೊಡ್ಡದು ‘ಮಾಡು’. ಊಟ ಮಾಡು, ಸ್ನಾನ ಮಾಡು, ತಪ್ಪು ಮಾಡು, ಕೆಲಸ ಮಾಡು, ಸಹಾಯ ಮಾಡು, ನಿದ್ದೆ ಮಾಡು, ಫೋನ್ ಮಾಡು. ಬೆಂಗಳೂರಿನ ಕನ್ನಡದಲ್ಲಂತೂ ಯಾವ ಇಂಗ್ಲಿಷ್ ಕ್ರಿಯಾಪದ ಬಂದರೂ ಪಕ್ಕದಲ್ಲೊಂದು ‘ಮಾಡು’ ಕೂರುತ್ತದೆ: ಡಿಸೈಡ್ ಮಾಡು, ಮ್ಯಾನೇಜ್ ಮಾಡು, ಸ್ವಲ್ಪ ಅಡ್ಜಸ್ಟ್ ಮಾಡಿ. ಇಂಗ್ಲಿಷಿಗೆ ಹೋದಾಗ ಈ ಒಂದು ‘ಮಾಡು’ ಮೂರು ಕವಲಾಗುತ್ತದೆ.

ಮೊದಲನೆಯದು ‘ಮೇಕ್’. ಕೆಲಸ ಮುಗಿದ ಮೇಲೆ ಮುಂಚೆ ಇರದ ಒಂದು ಸಂಗತಿ ಉಳಿಯಿತೇ ಎಂದು ಕೇಳಿಕೊಳ್ಳಿ. ಉಳಿದರೆ ಬಹುಮಟ್ಟಿಗೆ ‘ಮೇಕ್’: ಮೇಕ್ ಟೀ, ಮೇಕ್ ಎ ಲಿಸ್ಟ್, ಮೇಕ್ ಎ ಪ್ಲಾನ್, ಮೇಕ್ ಎ ಪ್ರಾಮಿಸ್, ಮೇಕ್ ಎ ಮಿಸ್ಟೇಕ್, ಮೇಕ್ ಎ ನಾಯ್ಸ್, ಮೇಕ್ ಎ ಕಂಪ್ಲೇಂಟ್. ಎರಡನೆಯದು ‘ಡು’. ಇಲ್ಲಿ ಮುಖ್ಯವಾದದ್ದು ನಡೆಯುವ ಕೆಲಸ ಅಥವಾ ಕರ್ತವ್ಯ: ಡು ದ ಹೋಂವರ್ಕ್, ಡು ಯುವರ್ ಡ್ಯೂಟಿ, ಡು ಬಿಸಿನೆಸ್, ಡು ರಿಸರ್ಚ್, ಡು ಎಕ್ಸರ್‌ಸೈಜ್, ಡು ಎ ಫೇವರ್, ಡು ಡ್ಯಾಮೇಜ್. ಈ ಗೆರೆ ಎಲ್ಲ ಕಡೆಯೂ ನೇರವಾಗಿಲ್ಲ. ಎದ್ದ ಮೇಲೆ ಹಾಸಿಗೆ ಸರಿಮಾಡುವುದು ‘ಮೇಕ್ ದ ಬೆಡ್’. ಅಲ್ಲಿ ಹೊಸ ಮಂಚವೇನೂ ಹುಟ್ಟುವುದಿಲ್ಲ. ಆದರೂ ಅನುಮಾನ ಬಂದಾಗ ಊಹಿಸಲು ಇಷ್ಟು ಸಾಕಾಗುತ್ತದೆ.

ಮೂರನೆಯದರಲ್ಲೇ ಹೆಚ್ಚು ತಪ್ಪುಗಳಾಗುತ್ತವೆ. ಇಲ್ಲಿ ‘ಮಾಡು’ ಮಾಯವಾಗಿ, ನಾಮಪದವೇ ಇಂಗ್ಲಿಷಿನಲ್ಲಿ ಕ್ರಿಯಾಪದವಾಗುತ್ತದೆ. ಸಹಾಯ ಮಾಡು ಎಂದರೆ ‘ಹೆಲ್ಪ್’, ಮೋಸ ಮಾಡು ಎಂದರೆ ‘ಚೀಟ್’, ಅಡುಗೆ ಮಾಡು ಎಂದರೆ ‘ಕುಕ್’, ಫೋನ್ ಮಾಡು ಎಂದರೆ ‘ಕಾಲ್’. ‘ಪ್ಲೀಸ್ ಡು ದ ಹೆಲ್ಪ್’ ಎನ್ನುವವರು ಒಂದು ಹೆಚ್ಚಿನ ಕ್ರಿಯಾಪದವನ್ನು ಹೊತ್ತು ತಂದಿದ್ದಾರೆ. ‘ಪ್ಲೀಸ್ ಹೆಲ್ಪ್ ಮಿ’ ಎಂದರೆ ಮುಗಿಯಿತು.

ಇನ್ನು ‘ಹ್ಯಾವ್’, ‘ಟೇಕ್’, ‘ಗಿವ್’. ಇವು ತಮ್ಮ ಭಾರವನ್ನೆಲ್ಲ ಪಕ್ಕದ ನಾಮಪದಕ್ಕೆ ಹೊರಿಸುತ್ತವೆ: ಹ್ಯಾವ್ ಎ ಲುಕ್, ಟೇಕ್ ಎ ಬ್ರೇಕ್, ಗಿವ್ ಹಿಮ್ ಎ ಕಾಲ್. ‘ಲುಕ್’ ಎನ್ನುವುದಕ್ಕೂ ‘ಹ್ಯಾವ್ ಎ ಲುಕ್’ ಎನ್ನುವುದಕ್ಕೂ ವ್ಯತ್ಯಾಸವಿದೆ. ಎರಡನೆಯದು ‘ಒಂದು ಸಲ ನೋಡಿ’ ಎಂದಂತೆ. ಕೆಲಸ ಚಿಕ್ಕದು, ಅದಕ್ಕೊಂದು ಕೊನೆ ಇದೆ, ಹೇಳುವ ಧಾಟಿಯೂ ಮೃದು. ಹೊಸ ವಿನ್ಯಾಸವನ್ನು ಮೇಲಧಿಕಾರಿಗೆ ತೋರಿಸುವಾಗ ‘ಲುಕ್ ಅಟ್ ದಿಸ್’ ಎಂದರೆ ಅಪ್ಪಣೆಯಂತೆ ಕೇಳಿಸುತ್ತದೆ. ‘ಕುಡ್ ಯು ಹ್ಯಾವ್ ಎ ಲುಕ್ ಅಟ್ ದಿಸ್?’ ಎಂದರೆ ವಿನಂತಿ. ಈ ಅರ್ಥವನ್ನು ಹೊತ್ತಿರುವುದು ನಡುವಿನ ಆ ಪುಟ್ಟ ‘ಎ’. ಅದನ್ನು ಬಿಟ್ಟು ‘ಹ್ಯಾವ್ ಲುಕ್’ ಎಂದರೆ ಜೋಡಿ ಮುರಿಯುತ್ತದೆ. ‘ಟೇಕ್ ಕೇರ್’, ‘ಟೇಕ್ ಪಾರ್ಟ್’ ಮಾತ್ರ ‘ಎ’ ಇಲ್ಲದೆಯೇ ಗಟ್ಟಿಯಾಗಿವೆ. ಇವನ್ನು ಹಾಗೆಯೇ ಒಪ್ಪಿಕೊಳ್ಳಬೇಕು.

ಬಟ್ಟೆಯ ವಿಷಯಕ್ಕೂ ಒಂದು ಮಾತು. ‘ಸ್ವೆಟರ್ ಹಾಕಿಕೊ’ ಎನ್ನುವುದು ಕ್ರಿಯೆ: ಪುಟ್ ಆನ್ ಯುವರ್ ಸ್ವೆಟರ್. ‘ಸ್ವೆಟರ್ ಹಾಕಿಕೊಂಡಿದ್ದಾನೆ’ ಎನ್ನುವುದು ಸ್ಥಿತಿ: ಹಿ ಈಸ್ ವೇರಿಂಗ್ ಎ ಸ್ವೆಟರ್. ನಾವು ‘ಹಾಕಿಕೊಳ್ಳು’ವಿನಲ್ಲಿ ‘ಇದ್ದಾನೆ’ ಸೇರಿಸಿ ತೋರಿಸುವ ಭೇದಕ್ಕೆ ಇಂಗ್ಲಿಷ್ ಎರಡು ಬೇರೆ ಕ್ರಿಯಾಪದಗಳನ್ನೇ ಇಟ್ಟುಕೊಂಡಿದೆ.

ಅಪ್, ಆಫ್, ಔಟ್

ಇಂಗ್ಲಿಷ್ ಕಲಿಯುವವರನ್ನು ಹೆಚ್ಚು ಕಾಡುವುದು ಈ ಭಾಗ. 1755ರಲ್ಲಿ ತಮ್ಮ ಇಂಗ್ಲಿಷ್ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಮುನ್ನುಡಿಯಲ್ಲೇ ಇದನ್ನು ಹೇಳಿದ್ದರು. ಕ್ರಿಯಾಪದದ ಮುಂದೆ ಒಂದು ಕಿರುಪದ ಸೇರಿಸಿ ಅರ್ಥ ಬದಲಿಸುವ ಪದ್ಧತಿ ಪ್ರಾಯಶಃ ಬೇರೆಲ್ಲ ಭಾಷೆಗಳಿಗಿಂತ ಇಂಗ್ಲಿಷಿನಲ್ಲಿ ಹೆಚ್ಚು, ಪರಭಾಷಿಕರಿಗೆ ಅತಿ ಹೆಚ್ಚು ಕಷ್ಟ ಕೊಡುವುದೂ ಅದೇ, ಆದ್ದರಿಂದ ಅವನ್ನು ತುಂಬ ಜತನದಿಂದ ದಾಖಲಿಸಿದ್ದೇನೆ ಎಂಬುದು ಅವರ ಮಾತಿನ ಸಾರ. ಈ ಕಿರುಪದಕ್ಕೆ ಪಾರ್ಟಿಕಲ್ ಎಂದೂ, ಜೋಡಿಗೆ ಫ್ರೇಸಲ್ ವರ್ಬ್ ಎಂದೂ ಈಗ ಹೆಸರು.

ಕನ್ನಡಿಗರಿಗೆ ಇದು ಅಷ್ಟು ಕಷ್ಟವಾಗಬೇಕಿಲ್ಲ ಎನ್ನಲು ಕಾರಣವಿದೆ. ಇಂಗ್ಲಿಷ್ ಪಾರ್ಟಿಕಲ್ ಮಾಡುವ ಕೆಲಸವನ್ನು ನಮ್ಮಲ್ಲಿ ಎರಡನೆಯ ಕ್ರಿಯಾಪದ ಮಾಡುತ್ತದೆ. ತಿನ್ನು, ತಿಂದುಬಿಡು: ಈಟ್, ಈಟ್ ಅಪ್. ಹರಿ, ಹರಿದುಹಾಕು: ಟೇರ್, ಟೇರ್ ಅಪ್. ನೋಡು, ನೋಡಿಕೋ: ಲುಕ್, ಲುಕ್ ಆಫ್ಟರ್. ಕೊಡು, ಬಿಟ್ಟುಕೊಡು: ಗಿವ್, ಗಿವ್ ಅಪ್. ‘ಮಗುವನ್ನು ನೋಡು’ ಮತ್ತು ‘ಮಗುವನ್ನು ನೋಡಿಕೋ’ ಇವೆರಡರ ನಡುವಿನ ಅಂತರ ಎಷ್ಟೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ‘ಲುಕ್ ಅಟ್ ದ ಬೇಬಿ’ ಮತ್ತು ‘ಲುಕ್ ಆಫ್ಟರ್ ದ ಬೇಬಿ’ ನಡುವೆಯೂ ಅಷ್ಟೇ ಅಂತರ. ‘ಸಿಲ್ಕ್ ಬೋರ್ಡ್ ಹತ್ತಿರ ಬಸ್ಸು ಕೆಟ್ಟು ನಿಂತಿತು’ ಎನ್ನುವಲ್ಲಿ ಕೆಡುವುದೂ ನಿಲ್ಲುವುದೂ ಒಂದೇ ಘಟನೆ. ಇಂಗ್ಲಿಷಿನಲ್ಲಿ ಅದು ‘ದ ಬಸ್ ಬ್ರೋಕ್ ಡೌನ್’. ಕೆಟ್ಟದ್ದು ‘ಬ್ರೋಕ್’, ನಿಂತದ್ದು ‘ಡೌನ್’. ಇಂಥ ಜೋಡಿಗಳನ್ನು ನಿಘಂಟಿನ ಒಂದು ಪದದಿಂದ ಅರ್ಥಮಾಡಿಕೊಳ್ಳಲು ಹೋಗಬೇಡಿ. ಕನ್ನಡದ ಜೋಡಿಗೇ ಜೋಡಿಸಿ.

ಸಂಸ್ಕೃತ ಬಲ್ಲವರಿಗೆ ಉಪಸರ್ಗದ ಶ್ಲೋಕ ನೆನಪಾಗಬಹುದು. ಉಪಸರ್ಗವು ಧಾತುವಿನ ಅರ್ಥವನ್ನು ಬಲವಂತವಾಗಿ ಬೇರೆಡೆಗೆ ಒಯ್ಯುತ್ತದೆ, ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರಗಳಂತೆ ಎನ್ನುತ್ತದೆ ಅದು. ‘ಪುಟ್’ ಎಂಬ ಒಂದೇ ಧಾತುವಿನಿಂದ ಪುಟ್ ಆಫ್, ಪುಟ್ ಆನ್, ಪುಟ್ ಔಟ್, ಪುಟ್ ಅಪ್, ಪುಟ್ ಡೌನ್ ಹುಟ್ಟುವುದೂ ಹೀಗೆಯೇ. ಸಂಸ್ಕೃತದಲ್ಲಿ ಬದಲಾವಣೆ ತರುವ ಪದ ಧಾತುವಿಗೆ ಮೊದಲೇ ಅಂಟಿಕೊಳ್ಳುತ್ತದೆ, ಇಂಗ್ಲಿಷಿನಲ್ಲಿ ಕ್ರಿಯಾಪದದ ನಂತರ ಬಂದು ನಿಲ್ಲುತ್ತದೆ.

ಕನ್ನಡಕ್ಕೂ ಇಂಗ್ಲಿಷಿಗೂ ಇರುವ ಮುಖ್ಯ ವ್ಯತ್ಯಾಸವೊಂದನ್ನು ಇಲ್ಲೇ ಹೇಳಬೇಕು. ನಮ್ಮಲ್ಲಿ ಕಾಲದ ಪ್ರತ್ಯಯ ಜೋಡಿಯ ಕೊನೆಗೆ ಹತ್ತುತ್ತದೆ: ನೋಡಿಕೊಂಡೆ, ನೋಡಿಕೊಳ್ಳುತ್ತೇನೆ. ಇಂಗ್ಲಿಷಿನಲ್ಲಿ ಜೋಡಿಯ ಮೊದಲ ಪದಕ್ಕೆ ಹತ್ತುತ್ತದೆ: ಲುಕ್ಡ್ ಆಫ್ಟರ್, ಲುಕಿಂಗ್ ಆಫ್ಟರ್. ನಮ್ಮ ಐಟಿ ಕಚೇರಿಗಳಲ್ಲಿ ‘ಲಾಗಿನ್ ಆದೆ’, ‘ಬ್ಯಾಕಪ್ ಮಾಡಿದೆ’, ‘ಸೆಟಪ್ ಮಾಡಿದೆ’ ಎನ್ನುವಾಗ ಜೋಡಿ ಒಂದೇ ಗಟ್ಟಿ ಪದವಾಗಿ ಕನ್ನಡಕ್ಕೆ ಬಂದುಬಿಟ್ಟಿದೆ. ಅದನ್ನು ಹಾಗೆಯೇ ಇಂಗ್ಲಿಷಿಗೆ ಹಿಂತಿರುಗಿಸಿದರೆ ‘ಲಾಗಿನ್ಡ್’, ‘ಬ್ಯಾಕಪ್ಡ್’, ‘ಸೆಟಪ್ಡ್’ ಆಗುತ್ತದೆ. ಸರಿಯಾದದ್ದು ‘ಲಾಗ್ಡ್ ಇನ್’, ‘ಬ್ಯಾಕ್ಡ್ ಅಪ್’. ‘ಸೆಟ್ ಅಪ್’ ಮಾತ್ರ ಭೂತಕಾಲದಲ್ಲೂ ‘ಸೆಟ್ ಅಪ್’. ಬರೆಯುವಾಗ ಕ್ರಿಯಾಪದವಾದರೆ ಎರಡು ಪದ, ನಾಮಪದವಾದರೆ ಒಂದೇ ಪದ. ‘ಪ್ಲೀಸ್ ಬ್ಯಾಕ್ ಅಪ್ ದ ಫೈಲ್ಸ್’ ಎನ್ನುವಲ್ಲಿ ನಡುವೆ ಜಾಗ ಬಿಡಿ. ‘ವೇರ್ ಈಸ್ ದ ಬ್ಯಾಕಪ್?’ ಎನ್ನುವಲ್ಲಿ ಕೂಡಿಸಿ. ಉಚ್ಚಾರದಲ್ಲೂ ಇದು ಕೇಳಿಸುತ್ತದೆ. ನಾಮಪದದಲ್ಲಿ ಒತ್ತು ‘ಬ್ಯಾಕ್’ ಮೇಲೆ, ಕ್ರಿಯಾಪದದಲ್ಲಿ ‘ಅಪ್’ ಮೇಲೆ.

‘ಫ್ಯಾನ್ ಆಫ್ ಮಾಡು’ ಎನ್ನುವುದು ಇದೇ ಗುಂಪಿನ ಹಳೆಯ ಸದಸ್ಯ. ಕನ್ನಡದಲ್ಲಿ ‘ಆಫ್ ಆಗು’, ‘ಆಫ್ ಮಾಡು’ ಎಂಬ ಸೊಗಸಾದ ಜೋಡಿಯಾಗಿದೆ. ಅಲ್ಲಿಂದ ‘ಮಾಡು’ ಕಳಚಿದರೆ ‘ಆಫ್ ದ ಫ್ಯಾನ್’ ಉಳಿಯುತ್ತದೆ. ಆದರೆ ಇಂಗ್ಲಿಷಿನಲ್ಲಿ ‘ಆಫ್’ ಒಬ್ಬಂಟಿಯಾಗಿ ಕ್ರಿಯಾಪದದ ಕೆಲಸ ಮಾಡುವುದಿಲ್ಲ. ‘ಟರ್ನ್’ ಅಥವಾ ‘ಸ್ವಿಚ್’ ಜೊತೆಗಿರಲೇಬೇಕು.

ಪಾರ್ಟಿಕಲ್‌ಗಳಿಗೆ ತಮ್ಮದೇ ಅರ್ಥವಿದೆಯೇ? ಇದೆ, ಆದರೆ ಒಂದಲ್ಲ. ‘ಅಪ್’ ತೆಗೆದುಕೊಳ್ಳಿ. ಮೇಲಕ್ಕೆ ಎನ್ನುವ ಅರ್ಥ ‘ಪಿಕ್ ಅಪ್’, ‘ಗೆಟ್ ಅಪ್’ಗಳಲ್ಲಿದೆ. ಹೆಚ್ಚಾಗುವುದು ಎನ್ನುವ ಅರ್ಥ ‘ಸ್ಪೀಡ್ ಅಪ್’, ‘ಸ್ಪೀಕ್ ಅಪ್’ಗಳಲ್ಲಿದೆ. ಪೂರ್ತಿ ಮುಗಿಸುವುದು ಎನ್ನುವ ಅರ್ಥ ‘ಯೂಸ್ ಅಪ್’, ‘ರ‍್ಯಾಪ್ ಅಪ್’ಗಳಲ್ಲಿದೆ, ಇದು ನಮ್ಮ ‘ಬಿಡು’. ‘ಆಫ್’ನಲ್ಲಿ ಬಿಡಿಸಿಕೊಂಡು ದೂರವಾಗುವ ಭಾವ: ಕಟ್ ಆಫ್, ಟೇಕ್ ಆಫ್, ಸೆಟ್ ಆಫ್. ‘ಡೌನ್’ ಎಂದರೆ ಕಡಿಮೆಯಾಗಿ ನಿಲ್ಲುವುದು, ಜೊತೆಗೆ ಕಾಗದಕ್ಕಿಳಿಸುವುದು: ಸ್ಲೋ ಡೌನ್, ರೈಟ್ ಡೌನ್. ‘ಆನ್’ ಮುಂದುವರಿಕೆಗೆ: ಗೋ ಆನ್, ಕ್ಯಾರಿ ಆನ್. ‘ಓವರ್’ ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಲು: ಹ್ಯಾಂಡ್ ಓವರ್, ಟೇಕ್ ಓವರ್. ಈ ಅರ್ಥಗಳು ನೆನಪಿಗೆ ಆಸರೆ ಕೊಡುತ್ತವೆ, ಆದರೆ ಇವುಗಳಿಂದ ಹೊಸ ಜೋಡಿ ಕಟ್ಟಲು ಹೋಗಬೇಡಿ. ‘ಕೋಪ್ ಅಪ್ ವಿತ್’ ಹುಟ್ಟಿರುವುದು ಹಾಗೆ ಕಟ್ಟಲು ಹೋಗಿಯೇ. ‘ಕೀಪ್ ಅಪ್ ವಿತ್’, ‘ಕ್ಯಾಚ್ ಅಪ್ ವಿತ್’ ಇರುವುದರಿಂದ ‘ಕೋಪ್’ಗೂ ಒಂದು ‘ಅಪ್’ ಅಂಟಿಕೊಂಡಿದೆ. ಸರಿಯಾದದ್ದು ‘ಕೋಪ್ ವಿತ್’.

ಹತ್ತಿರ ಹತ್ತಿರ ಇರುವ ಒಂದು ಜೋಡಿ ಕಚೇರಿಯಲ್ಲಿ ನಿಜವಾದ ಗೊಂದಲ ತರುತ್ತದೆ. ‘ದ ಮೀಟಿಂಗ್ ಈಸ್ ಪುಟ್ ಆಫ್’ ಎಂದರೆ ಮುಂದಕ್ಕೆ ಹೋಗಿದೆ. ‘ದ ಮೀಟಿಂಗ್ ಈಸ್ ಕಾಲ್ಡ್ ಆಫ್’ ಎಂದರೆ ರದ್ದಾಗಿದೆ. ಒಂದರ ಬದಲು ಇನ್ನೊಂದು ಹೇಳಿದರೆ ಜನ ಬರಬೇಕಾದ ದಿನ ಬರುವುದಿಲ್ಲ.

ಪಾರ್ಟಿಕಲ್ಲೋ ಪ್ರಿಪೊಸಿಷನ್ನೋ

ಒಂದೇ ‘ಆಫ್’ ಎರಡು ಬೇರೆ ಕೆಲಸ ಮಾಡುವುದನ್ನು ಹತ್ತಿರದಿಂದ ನೋಡೋಣ.

‘ದ ಬಸ್ ಟರ್ನ್ಡ್ ಆಫ್ ಮೈಸೂರ್ ರೋಡ್.’ ಬಸ್ಸು ಮೈಸೂರು ರಸ್ತೆ ಬಿಟ್ಟು ತಿರುಗಿತು.
‘ದ ಡ್ರೈವರ್ ಟರ್ನ್ಡ್ ಆಫ್ ದ ಇಂಜಿನ್.’ ಡ್ರೈವರ್ ಇಂಜಿನ್ ನಿಲ್ಲಿಸಿದ.

ಕಣ್ಣಿಗೆ ಎರಡೂ ಒಂದೇ ಅಚ್ಚು. ಈಗ ಮೈಸೂರು ರಸ್ತೆಯ ಜಾಗದಲ್ಲೂ ಇಂಜಿನ್ ಜಾಗದಲ್ಲೂ ‘ಇಟ್’ ಹಾಕಿ. ಮೊದಲನೆಯದು ‘ಟರ್ನ್ಡ್ ಆಫ್ ಇಟ್’ ಆಗುತ್ತದೆ, ಎರಡನೆಯದು ‘ಟರ್ನ್ಡ್ ಇಟ್ ಆಫ್’. ಅದಲುಬದಲು ಮಾಡಿದರೆ ಎರಡೂ ಕೆಡುತ್ತವೆ. ಮೊದಲ ವಾಕ್ಯದಲ್ಲಿ ‘ಆಫ್’ ರಸ್ತೆಯ ಕಡೆಯವನು, ಪ್ರಿಪೊಸಿಷನ್. ರಸ್ತೆಯನ್ನು ಬಿಟ್ಟು ಹೋಗಲಾರ. ಎರಡನೆಯದರಲ್ಲಿ ಅವನು ‘ಟರ್ನ್’ ಕಡೆಯವನು, ಪಾರ್ಟಿಕಲ್. ಇಂಜಿನ್ನಿನ ಆಚೆಗೂ ಈಚೆಗೂ ಓಡಾಡಬಲ್ಲ. ‘ಟರ್ನ್ಡ್ ಆಫ್ ದ ಇಂಜಿನ್’ ಎಂದರೂ ಸರಿ, ‘ಟರ್ನ್ಡ್ ದ ಇಂಜಿನ್ ಆಫ್’ ಎಂದರೂ ಸರಿ. ಇಟ್, ದೆಮ್, ಹಿಮ್, ಹರ್ ಇಂಥ ಸರ್ವನಾಮ ಬಂದಾಗ ಮಾತ್ರ ಆಯ್ಕೆ ಇಲ್ಲ. ಸರ್ವನಾಮ ನಡುವೆಯೇ ಕೂರಬೇಕು. ‘ಪಿಕ್ ಅಪ್ ಮಿ ಅಟ್ ಮೆಜೆಸ್ಟಿಕ್’ ತಪ್ಪು, ‘ಪಿಕ್ ಮಿ ಅಪ್ ಅಟ್ ಮೆಜೆಸ್ಟಿಕ್’ ಸರಿ.

ಇನ್ನೊಂದು ಪರೀಕ್ಷೆ: ನಡುವೆ ಕ್ರಿಯಾವಿಶೇಷಣ ತೂರಿಸಿ ನೋಡಿ. ‘ಲುಕ್ ಕೇರ್‌ಫುಲಿ ಅಟ್ ದ ಮ್ಯಾಪ್’ ನಡೆಯುತ್ತದೆ, ಏಕೆಂದರೆ ‘ಅಟ್’ ಪ್ರಿಪೊಸಿಷನ್. ‘ಟರ್ನ್ ಕ್ವಿಕ್‌ಲಿ ಆಫ್ ದ ಲೈಟ್’ ನಡೆಯುವುದಿಲ್ಲ. ಕಿವಿಯಿಂದಲೂ ತಿಳಿಯುತ್ತದೆ. ‘ಸ್ವಿಚ್ ಇಟ್ ಆಫ್’ ಎನ್ನುವಾಗ ಒತ್ತು ‘ಆಫ್’ ಮೇಲೆ ಬೀಳುತ್ತದೆ. ‘ವಾಟ್ ಆರ್ ಯು ಲುಕಿಂಗ್ ಅಟ್?’ ಎನ್ನುವಾಗ ಒತ್ತು ‘ಲುಕ್’ ಮೇಲೆ, ‘ಅಟ್’ ಮೆತ್ತಗೆ ಜಾರಿಹೋಗುತ್ತದೆ.

ಕರ್ಮಪದ ಉದ್ದವಾಗಿದ್ದರೆ ಪಾರ್ಟಿಕಲ್ಲನ್ನು ಕ್ರಿಯಾಪದದ ಪಕ್ಕದಲ್ಲೇ ಇಡಿ. ‘ಟರ್ನ್ ಆಫ್ ಆಲ್ ದ ಲೈಟ್ಸ್ ಇನ್ ದ ಬ್ಯಾಕ್ ರೂಮ್’ ಎಂದರೆ ಸಲೀಸು. ‘ಆಫ್’ ಅನ್ನು ಕೊನೆಗೆ ತಳ್ಳಿದರೆ ಕೇಳುವವರು ಅಲ್ಲಿಯವರೆಗೆ ಉಸಿರು ಹಿಡಿದು ಕಾಯಬೇಕಾಗುತ್ತದೆ.

ಮೂರು ಪದಗಳ ಜೋಡಣೆಗಳೂ ಇವೆ: ಪುಟ್ ಅಪ್ ವಿತ್, ರನ್ ಔಟ್ ಆಫ್ (ಇದು ಒಂದೇ ‘ಎಫ್’ ಇರುವ ‘ಆಫ್’), ಕಮ್ ಅಪ್ ವಿತ್, ಕಟ್ ಡೌನ್ ಆನ್. ಇವನ್ನು ಬಿಡಿಸುವಂತಿಲ್ಲ; ಕರ್ಮಪದ ಕೊನೆಗೇ ಬರುತ್ತದೆ. ಇವುಗಳಲ್ಲಿ ನಮ್ಮ ಪತ್ರಗಳನ್ನು ಹೆಚ್ಚು ಕಾಡುವುದು ‘ಲುಕ್ ಫಾರ್ವರ್ಡ್ ಟು’. ಇಲ್ಲಿನ ‘ಟು’ ಪ್ರಿಪೊಸಿಷನ್. ಪರೀಕ್ಷೆ ಸುಲಭ. ‘ಟು’ ಮುಂದೆ ಒಂದು ನಾಮಪದ ಇಟ್ಟು ನೋಡಿ: ‘ಲುಕಿಂಗ್ ಫಾರ್ವರ್ಡ್ ಟು ಯುಗಾದಿ’. ಹೊಂದುತ್ತದೆ. ಹಾಗಾದರೆ ಅಲ್ಲಿ ಕ್ರಿಯೆ ಬಂದರೂ ನಾಮಪದದ ವೇಷದಲ್ಲಿ, ‘ಇಂಗ್’ ಸೇರಿಸಿಕೊಂಡೇ ಬರಬೇಕು: ‘ಟು ಮೀಟಿಂಗ್ ಯು’. ‘ಟು ಮೀಟ್ ಯು’ ಅಲ್ಲ.

ವಿಭಕ್ತಿ ಹಿಂಬಾಲಿಸುತ್ತದೆ

ಪ್ರಿಪೊಸಿಷನ್ ತಪ್ಪುಗಳ ಮೂಲ ಬಹುತೇಕ ನಮ್ಮ ವಿಭಕ್ತಿಗಳಲ್ಲಿದೆ. ‘ನನಗೆ ಹೇಳಿದ’ ಎನ್ನುವುದರಲ್ಲಿನ ‘ಗೆ’ಯಿಂದ ‘ಹಿ ಟೋಲ್ಡ್ ಟು ಮಿ’ ಹುಟ್ಟುತ್ತದೆ. ಸರಿಯಾದದ್ದು ‘ಟೋಲ್ಡ್ ಮಿ’. ಆದರೆ ‘ಸೆಡ್’ ಬಂದರೆ ‘ಸೆಡ್ ಟು ಮಿ’, ‘ಎಕ್ಸ್‌ಪ್ಲೇನ್’ ಬಂದರೆ ‘ಎಕ್ಸ್‌ಪ್ಲೇನ್ ಇಟ್ ಟು ಮಿ’. ‘ನನ್ನ ಮೇಲೆ ಸಿಟ್ಟು’ ಎನ್ನುವುದರಿಂದ ‘ಆಂಗ್ರಿ ಆನ್ ಮಿ’. ಸರಿಯಾದದ್ದು ‘ವಿತ್ ಮಿ’. ‘ಸ್ಟೇಷನ್ನಿಗೆ ತಲುಪಿದೆ’ಯಿಂದ ‘ರೀಚ್ಡ್ ಟು ದ ಸ್ಟೇಷನ್’. ‘ರೀಚ್’ಗೆ ಏನೂ ಬೇಡ, ‘ಅರೈವ್’ಗೆ ‘ಅಟ್’ ಬೇಕು. ಊರಾದರೆ ‘ಅರೈವ್ಡ್ ಇನ್ ಬೆಂಗಳೂರು’.

‘ಹುಡುಕು’ ಎನ್ನುವಲ್ಲಿ ಎಚ್ಚರ ಬೇಕು. ‘ದ ಪೊಲೀಸ್ ಸರ್ಚ್ಡ್ ಫಾರ್ ದ ಮ್ಯಾನ್’ ಎಂದರೆ ಆ ಮನುಷ್ಯನನ್ನು ಹುಡುಕಿದರು. ‘ಫಾರ್’ ಬಿಟ್ಟು ‘ಸರ್ಚ್ಡ್ ದ ಮ್ಯಾನ್’ ಎಂದರೆ ಆತನ ಜೇಬು, ಚೀಲ ತಪಾಸಣೆ ಮಾಡಿದರು. ಹಾಗೆಯೇ ‘ಪೇ’. ಬಿಲ್ಲಿಗೆ ‘ಪೇಯ್ಡ್ ದ ಬಿಲ್’, ಆಟೋ ಡ್ರೈವರಿಗೆ ‘ಪೇಯ್ಡ್ ದ ಡ್ರೈವರ್’, ಆದರೆ ಕುಡಿದ ಕಾಫಿಗೆ ‘ಪೇಯ್ಡ್ ಫಾರ್ ದ ಕಾಫಿ’. ದುಡ್ಡು ಯಾರಿಗೆ ಹೋಗುತ್ತದೋ ಅಲ್ಲಿ ‘ಫಾರ್’ ಇಲ್ಲ. ಏನನ್ನು ಕೊಂಡಿರೋ ಅದಕ್ಕೆ ‘ಫಾರ್’ ಬೇಕು.

ಎಲ್ಲ ತಪ್ಪನ್ನೂ ಕನ್ನಡದ ಮೇಲೆ ಹೊರಿಸುವುದು ನ್ಯಾಯವಲ್ಲ. ‘ಡಿಸ್ಕಸ್ ಅಬೌಟ್’, ‘ರಿಕ್ವೆಸ್ಟ್ ಫಾರ್’, ‘ಎಂಫಸೈಜ್ ಆನ್’ ಇವುಗಳ ಕಾರಣ ಇಂಗ್ಲಿಷಿನ ಒಳಗೂ ಇದೆ. ನಾಮಪದವಾದಾಗ ಪ್ರಿಪೊಸಿಷನ್ ಬೇಕು: ಎ ಡಿಸ್ಕಷನ್ ಅಬೌಟ್, ಎ ರಿಕ್ವೆಸ್ಟ್ ಫಾರ್, ಎಂಫಸಿಸ್ ಆನ್, ಆ್ಯನ್ ಆನ್ಸರ್ ಟು. ಅದೇ ಕ್ರಿಯಾಪದವಾದಾಗ ಕರ್ಮಪದವನ್ನು ನೇರವಾಗಿ ಹಿಡಿಯುತ್ತದೆ. ನಾಮಪದದ ಬಾಲ ಕ್ರಿಯಾಪದಕ್ಕೆ ಸೋರಿಕೊಂಡು ಬರುವುದೇ ಈ ತಪ್ಪಿನ ಹುಟ್ಟು. ಈ ಒಂದು ವಿಷಯ ಹಿಡಿದರೆ ಹತ್ತಾರು ತಪ್ಪುಗಳು ಒಟ್ಟಿಗೆ ಹೋಗುತ್ತವೆ.

ಕಚೇರಿಗಳಲ್ಲಿ ದಿನವೂ ಓಡಾಡುವಂಥ ಒಂದು ಮೇಲ್ ನೋಡಿ:

‘ಆಸ್ ವಿ ಡಿಸ್ಕಸ್ಡ್ ಅಬೌಟ್ ದ ಪೇಮೆಂಟ್, ಐ ರಿಕ್ವೆಸ್ಟ್ ಫಾರ್ ಯುವರ್ ಅಪ್ರೂವಲ್. ಐ ಹ್ಯಾವ್ ಟೋಲ್ಡ್ ಟು ದ ವೆಂಡರ್ ಟು ವೇಟ್. ಪ್ಲೀಸ್ ರಿವರ್ಟ್ ಬ್ಯಾಕ್. ಐ ವಿಲ್ ಡು ಫಾಲೋಅಪ್ ಆನ್ ಮಂಡೇ. ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು.’

ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ಆದರೆ ಪ್ರತಿ ವಾಕ್ಯದಲ್ಲೂ ಜೋಡಿ ಒಂದೊಂದು ಕಡೆ ಸಡಿಲವಾಗಿದೆ. ತಿದ್ದಿದರೆ ಹೀಗಾಗುತ್ತದೆ:

‘ವಿ ಡಿಸ್ಕಸ್ಡ್ ದ ಪೇಮೆಂಟ್, ಅಂಡ್ ಐ ಆಮ್ ರೈಟಿಂಗ್ ಟು ಆಸ್ಕ್ ಫಾರ್ ಯುವರ್ ಅಪ್ರೂವಲ್. ಐ ಹ್ಯಾವ್ ಆಸ್ಕ್ಡ್ ದ ವೆಂಡರ್ ಟು ವೇಟ್. ಪ್ಲೀಸ್ ರಿಪ್ಲೈ ಬೈ ಫ್ರೈಡೇ. ಐ ವಿಲ್ ಫಾಲೋ ಅಪ್ ಆನ್ ಮಂಡೇ. ಲುಕಿಂಗ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು.’

‘ರಿವರ್ಟ್’ ಅನ್ನು ಉತ್ತರಿಸು ಎಂಬ ಅರ್ಥದಲ್ಲಿ ನಾವೆಲ್ಲ ಬಳಸುತ್ತೇವೆ. ಭಾರತದ ಇಂಗ್ಲಿಷಿನಲ್ಲಿ ಅದು ಬೇರೂರಿದ ಬಳಕೆ. ಆದರೆ ಬ್ರಿಟನ್, ಅಮೆರಿಕದ ಗ್ರಾಹಕರಿಗೆ ಅದು ಮುಖ್ಯವಾಗಿ ಹಿಂದಿನ ಸ್ಥಿತಿಗೆ ಮರಳು ಎಂದೇ ಕೇಳಿಸುತ್ತದೆ. ಸಾಫ್ಟ್‌ವೇರ್ ಬದಲಾವಣೆಯ ಬಗ್ಗೆ ಬರೆದ ಮೇಲಿನ ಕೊನೆಗೆ ‘ಪ್ಲೀಸ್ ರಿವರ್ಟ್’ ಎಂದಿದ್ದರೆ, ಮಾಡಿದ ಬದಲಾವಣೆಯನ್ನು ಅವರು ಹಿಂದಕ್ಕೆ ತೆಗೆದರೂ ತಪ್ಪು ಅವರದಲ್ಲ.

ಫ್ರೇಸಲ್ ವರ್ಬ್ ಎಂದರೆ ಆಡುಮಾತು, ಅಧಿಕೃತ ಪತ್ರಕ್ಕೆ ಲ್ಯಾಟಿನ್ ಮೂಲದ ದೊಡ್ಡ ಪದಗಳೇ ಬೇಕು ಎಂಬ ನಂಬಿಕೆ ಹಲವರಲ್ಲಿದೆ. ಅರ್ಧ ನಿಜ. ನೋಟಿಸಿನಲ್ಲಿ ‘ಪುಟ್ ಆಫ್’ಗಿಂತ ‘ಪೋಸ್ಟ್‌ಪೋನ್ಡ್’ ಒಪ್ಪುತ್ತದೆ. ಆದರೆ ‘ಎ ಕಮಿಟಿ ವಾಸ್ ಸೆಟ್ ಅಪ್’, ‘ದ ಸರ್ವೆ ವಾಸ್ ಕ್ಯಾರಿಡ್ ಔಟ್’ ಇವು ಸರ್ಕಾರಿ ವರದಿಗೂ ಸಲ್ಲುತ್ತವೆ. ಎದುರು ಕೂತು ಮಾತಾಡುವಾಗ ‘ಡಿಸ್ಕವರ್’, ‘ಟಾಲರೇಟ್’, ‘ಎಕ್ಸ್‌ಟಿಂಗ್ವಿಶ್’ ಎಂದೇ ಹೇಳುತ್ತಿದ್ದರೆ ಗ್ರಾಂಥಿಕ ಕನ್ನಡದಲ್ಲಿ ತರಕಾರಿ ಚೌಕಾಸಿ ಮಾಡಿದಂತಾಗುತ್ತದೆ. ಅಲ್ಲಿ ‘ಫೈಂಡ್ ಔಟ್’, ‘ಪುಟ್ ಅಪ್ ವಿತ್’, ‘ಪುಟ್ ಔಟ್’ ಹಿತ.

ಎಲ್ಲಿಂದ ಶುರು ಮಾಡುವುದು

ಸಾವಿರಾರು ಜೋಡಿಗಳಿವೆ ಎಂದು ಹೆದರಬೇಕಿಲ್ಲ. ಸುಮಾರು 10 ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ಭಾಷಾ ಸಂಗ್ರಹವನ್ನು ಗಾರ್ಡ್‌ನರ್ ಮತ್ತು ಡೇವಿಸ್ ಎಂಬ ವಿದ್ವಾಂಸರು ವಿಶ್ಲೇಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರಲ್ಲಿ ಸಿಕ್ಕ ಫ್ರೇಸಲ್ ವರ್ಬ್ ಪ್ರಯೋಗಗಳಲ್ಲಿ ಅರ್ಧಕ್ಕೂ ಹೆಚ್ಚು ಕೇವಲ 20 ಕ್ರಿಯಾಪದಗಳು ಮತ್ತು 8 ಪಾರ್ಟಿಕಲ್‌ಗಳಿಂದ ಆದವು. ಆ ಎಂಟು: ಔಟ್, ಅಪ್, ಆನ್, ಬ್ಯಾಕ್, ಡೌನ್, ಇನ್, ಆಫ್, ಓವರ್. ಕ್ರಿಯಾಪದಗಳಲ್ಲಿ ಗೋ, ಕಮ್, ಟೇಕ್, ಗೆಟ್, ಸೆಟ್, ಕ್ಯಾರಿ, ಟರ್ನ್, ಬ್ರಿಂಗ್, ಲುಕ್, ಪುಟ್, ಪಿಕ್, ಗಿವ್, ಬ್ರೇಕ್ ಇವೆ. ಎಲ್ಲವೂ ಪ್ರೈಮರಿ ಶಾಲೆಯಲ್ಲೇ ಪರಿಚಯವಾದ ಪದಗಳು.

ಪುಸ್ತಕದಲ್ಲಿ ಬರೆದಿಡುವ ಕ್ರಮವೂ ಮುಖ್ಯ. ‘ಪುಟ್ ಆಫ್ = ಮುಂದೂಡು’ ಎಂದಷ್ಟೇ ಬರೆದರೆ ಪ್ರಯೋಜನ ಕಡಿಮೆ. ಸರ್ವನಾಮ ಸೇರಿಸಿ, ಭೂತಕಾಲದಲ್ಲಿ, ನಿಮ್ಮ ಕೆಲಸಕ್ಕೆ ಹೊಂದುವ ಪೂರ್ತಿ ವಾಕ್ಯ ಬರೆಯಿರಿ: ‘ದೆ ಪುಟ್ ಇಟ್ ಆಫ್ ಟಿಲ್ ಮಂಡೇ’. ಇದೊಂದರಿಂದ ಪಾರ್ಟಿಕಲ್ ಎಲ್ಲಿ ನಿಲ್ಲುತ್ತದೆ, ಕಾಲ ಎಲ್ಲಿ ಹತ್ತುತ್ತದೆ, ಮುಂದೆ ಏನು ಬರುತ್ತದೆ ಎಂಬ ಮೂರೂ ತಿಳಿಯುತ್ತದೆ. ಕೆಳಗೆ ಕನ್ನಡದಲ್ಲಿ ನೀವು ನಿಜವಾಗಿ ಆಡುವ ಮಾತನ್ನೇ ಬರೆಯಿರಿ: ‘ಸೋಮವಾರಕ್ಕೆ ಹಾಕಿದ್ದಾರೆ’. ವಿದ್ಯಾರ್ಥಿಗಳಿಗಾಗಿ ಮಾಡಿದ ನಿಘಂಟುಗಳಲ್ಲಿ ‘ಸಮ್‌ಥಿಂಗ್’ ಎಂಬುದರ ಸಂಕ್ಷೇಪವನ್ನು ಜೋಡಿಯ ನಡುವೆಯೂ ಕೊಟ್ಟಿದ್ದರೆ ಅದನ್ನು ಬಿಡಿಸಬಹುದು, ಕೊನೆಯಲ್ಲಿ ಮಾತ್ರ ಕೊಟ್ಟಿದ್ದರೆ ಬಿಡಿಸುವಂತಿಲ್ಲ. ಒಂದೇ ದಿನ ಪುಟ್ ಆನ್, ಪುಟ್ ಆಫ್, ಪುಟ್ ಔಟ್, ಪುಟ್ ಅಪ್ ಎಲ್ಲವನ್ನೂ ಸಾಲಾಗಿ ಕಲಿಯಬೇಡಿ. ಒಂದೇ ತರಹ ಕಾಣುವ ಪದಗಳು ತಲೆಯಲ್ಲಿ ಕಲಸಿಹೋಗುತ್ತವೆ. ಪೇಮೆಂಟ್, ಪ್ರಯಾಣ, ಫೋನ್ ಹೀಗೆ ಸಂದರ್ಭ ಹಿಡಿದು ಕಲಿಯುವುದು ಒಳ್ಳೆಯದು. ಫೋನಿಗೆ ಪಿಕ್ ಅಪ್, ಹ್ಯಾಂಗ್ ಅಪ್, ಕಾಲ್ ಬ್ಯಾಕ್, ಗೆಟ್ ಥ್ರೂ, ಕಟ್ ಆಫ್ ಇಷ್ಟಿದ್ದರೆ ದಿನ ನಡೆಯುತ್ತದೆ.

ಸಭಿಕರ ಪ್ರಶ್ನೆಗಳಿಂದ

‘ಐ ರೋಟ್ ದ ಎಗ್ಸಾಮ್’ ತಪ್ಪೇ? ಪರೀಕ್ಷೆ ಬರೆಯುವುದು ನಮ್ಮ ಮಾತು. ದಕ್ಷಿಣ ಭಾರತದ ಇಂಗ್ಲಿಷಿನಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ನಾಚಿಕೊಳ್ಳುವ ಅಗತ್ಯವಿಲ್ಲ. ಆದರೆ ಬ್ರಿಟನ್ನಿನವರಿಗೆ ‘ರೋಟ್ ದ ಎಗ್ಸಾಮ್’ ಎಂದರೆ ಪ್ರಶ್ನೆಪತ್ರಿಕೆಯನ್ನು ನೀವೇ ತಯಾರಿಸಿದಂತೆ ಕೇಳಿಸಬಹುದು. ಹೊರದೇಶದ ಅರ್ಜಿಯಲ್ಲಿ ‘ಟುಕ್ ದ ಎಗ್ಸಾಮ್’ ಎಂದು ಬರೆಯಿರಿ. ‘ಪಾಸ್ಡ್ ಔಟ್ ಇನ್ 2015’ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಅದಕ್ಕೆ ಮೂರ್ಛೆ ಹೋದೆ ಎಂಬ ಅರ್ಥವೇ ಪ್ರಧಾನ. ‘ಗ್ರ್ಯಾಜುಯೇಟೆಡ್ ಇನ್ 2015’ ಎಂದರೆ ಗೊಂದಲವಿಲ್ಲ.

ಬಸ್ಸಿಳಿಯುವುದಕ್ಕೆ ‘ಗೆಟ್ ಡೌನ್’ ಅನ್ನಬಹುದೇ? ಕಂಡಕ್ಟರಿಗೆ ಅರ್ಥವಾಗುತ್ತದೆ. ಹೊರಗಿನವರ ಬಳಕೆ ‘ಗೆಟ್ ಆಫ್’. ಒಳಗೆ ನಿಂತು ಓಡಾಡಬಹುದಾದ ಬಸ್ಸು, ರೈಲು, ಮೆಟ್ರೊ, ವಿಮಾನಗಳಿಗೆ ‘ಗೆಟ್ ಆನ್’, ‘ಗೆಟ್ ಆಫ್’. ಬಗ್ಗಿ ಒಳಗೆ ಕೂರಬೇಕಾದ ಕಾರು, ಟ್ಯಾಕ್ಸಿ, ಆಟೋಗಳಿಗೆ ‘ಗೆಟ್ ಇನ್’, ‘ಗೆಟ್ ಔಟ್ ಆಫ್’ (ಇಲ್ಲೂ ಒಂದೇ ‘ಎಫ್’). ಬೈಕು, ಸೈಕಲ್ಲಿನ ಮೇಲೆ ಹತ್ತಿ ಕೂರುವುದರಿಂದ ಅವಕ್ಕೂ ‘ಆನ್’, ‘ಆಫ್’. ನಮಗೆ ಎಲ್ಲಕ್ಕೂ ಹತ್ತು, ಇಳಿ ಸಾಕು. ಅದಕ್ಕೇ ಈ ಭೇದ ತಲೆಗೆ ಬೇಗ ಹೊಳೆಯುವುದಿಲ್ಲ.

ಫಾರಂ ತುಂಬುವುದಕ್ಕೆ ‘ಫಿಲ್ ಅಪ್’ಓ ‘ಫಿಲ್ ಇನ್’ಓ? ಶಾಲೆಯ ಪ್ರಶ್ನೆಪತ್ರಿಕೆಯ ‘ಫಿಲ್ ಇನ್ ದ ಬ್ಲಾಂಕ್ಸ್’ ನೆನಪಿಸಿಕೊಳ್ಳಿ. ಫಾರಂ ಎಂದರೆ ಬರೀ ಖಾಲಿ ಜಾಗಗಳೇ, ಆದ್ದರಿಂದ ಬ್ರಿಟಿಷರು ‘ಫಿಲ್ ಇನ್ ದ ಫಾರ್ಮ್’ ಎನ್ನುತ್ತಾರೆ, ಅಮೆರಿಕದವರು ‘ಫಿಲ್ ಔಟ್’ ಎನ್ನುತ್ತಾರೆ. ಹೆಸರು, ವಿಳಾಸದಂಥ ಒಂದೊಂದು ವಿವರಕ್ಕೆ ಮಾತ್ರ ಎಲ್ಲರೂ ‘ಫಿಲ್ ಇನ್ ಯುವರ್ ನೇಮ್’ ಎಂದೇ ಹೇಳುತ್ತಾರೆ. ‘ಫಿಲ್ ಅಪ್’ ಅನ್ನು ಪೆಟ್ರೋಲ್ ಬಂಕಿಗೆ ಇಟ್ಟುಕೊಳ್ಳಿ: ‘ಫಿಲ್ ಇಟ್ ಅಪ್’ ಎಂದರೆ ಟ್ಯಾಂಕ್ ಬಾಯಿಮಟ್ಟ ತುಂಬಬೇಕು. ಮೆಟ್ರೊ ಕಾರ್ಡಿಗೆ ಇನ್ನೂರು ರೂಪಾಯಿ ಸೇರಿಸುವುದಾದರೆ ‘ಟಾಪ್ ಅಪ್’. ಅದನ್ನೂ ಬಿಡಿಸಬಹುದು, ‘ಐ ಟಾಪ್ಡ್ ಇಟ್ ಅಪ್ ದಿಸ್ ಮಾರ್ನಿಂಗ್’.